ಬಸವನ ಎಲುಬು

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಮಾರ್ಗಳಿ, ಎಂದರೆ ಧನುರ್ಮಾಸದ ಕೊನೆಯ ಶುಕ್ರವಾರ ಬೆಳಿಗ್ಗೆ, ತಮಿಳುನಾಡಿನ ತೇನಿ ಕಡೆಯ ಕೊಂಬೈಯ ನಮ್ಮ ಮನೆಯ ದೇವರ ಗೂಡಿನಲ್ಲಿ ಬಸವನ ಎಲುಬು ಇರಲಿಲ್ಲ. ಮೊದಲು ಗಮನಿಸಿದವಳು ದೀಪ ಹಚ್ಚಲು ಹೋದ ಅವ್ವ. ಅವಳು ಕೂಗಲಿಲ್ಲ. ದೀಪ ಹಚ್ಚಿಯೇ ಹೊರಗೆ ಬಂದು, ಜಗುಲಿಯ ತಿಣ್ಣೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಅಪ್ಪನ ಕಿವಿಯಲ್ಲಿ ಹೇಳಿದಳು. ಅಪ್ಪ ಬಾಯಿ ಮುಕ್ಕಳಿಸದೆಯೇ ಒಳಗೆ ಹೋದ. ಆಗ ಮನೆಯಲ್ಲಿದ್ದವರು ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕಪ್ಪನ ಹೊಸ ಹೆಂಡತಿ ಕಸ್ತೂರಿ ಚಿಕ್ಕವ್ವ ಮತ್ತು ನಾನು. ಹೊರಗಿನವರು ಯಾರೂ ಬಂದಿರಲಿಲ್ಲ. ಗೂಡಿನ ಮುಂದಿನ ನೆಲದ ಮೇಲೆ ಯಾವ ಗುರುತೂ ಇರಲಿಲ್ಲ. ಹಿಂದಿನ ಸಂಜೆ ಅಲ್ಲಿ ಸಗಣಿ ಸಾರಿಸಲಾಗಿತ್ತು. ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಎಲ್ಲರ ಕಣ್ಣೂ ಕಸ್ತೂರಿ ಚಿಕ್ಕವ್ವನ ಮೇಲೆ ನಿಂತಿತ್ತು.

ಆ ಎಲುಬು ನಮಗೆ ಏನಾಗಿತ್ತು ಎಂಬುದನ್ನು ಹೇಳಬೇಕು. ನಾವು ಮನೆಯೊಳಗೆ ಕನ್ನಡ, ಬಾಗಿಲಾಚೆ ತಮಿಳು ಆಡುವ ಬೇಸಾಯದ ಜನ. ಎಷ್ಟೋ ತಲೆಮಾರಿನ ಹಿಂದೆ ನಮ್ಮವರು ದನ ಹೊಡೆದುಕೊಂಡು ಬಡಗಣದಿಂದ ಇಳಿದು ಬಂದರಂತೆ. ಮುಂದೆ ನಡೆಯುತ್ತಿದ್ದ ಬಸವ ಈ ಕಣಿವೆಯಲ್ಲಿ ಮಲಗಿತಂತೆ, ಮತ್ತೆ ಏಳಲಿಲ್ಲವಂತೆ. ಅದು ಮಲಗಿದ ಕಡೆ ಊರು ಕಟ್ಟಿದರಂತೆ. ಆ ಬಸವನ ಬೆನ್ನಿನ ಒಂದು ಎಲುಬು ನಮ್ಮ ಮನೆಗೆ ಬಂದಿತ್ತು. ಊರಾಚೆ ದೇವರ ದನಗಳ ದೊಡ್ಡಿಯಿದೆ. ಆ ದನಗಳ ಹಾಲು ಮಾರುವುದಿಲ್ಲ, ಎತ್ತು ಹೂಡುವುದಿಲ್ಲ. ಮಂದೆಗೊಂದು ಪಟ್ಟದ ಬಸವ. ಪೊಂಗಲಿನ ಮರುದಿನ, ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ ನಮ್ಮ ಮನೆಯ ಹಿರಿಯ ಹೆಂಗಸು ಎಲುಬನ್ನು ಹಿತ್ತಾಳೆ ಬಿಂದಿಗೆಯ ನೀರಿನಲ್ಲಿ ಹಾಕಿ, ಬಿಂದಿಗೆಯ ಬಾಯಿಗೆ ಅರಿಸಿನದ ಬಟ್ಟೆ ಬಿಗಿದು ಹೊತ್ತುಕೊಂಡು ಹೋಗುತ್ತಾಳೆ. ಬಟ್ಟೆಯ ಮೂಲಕ ಸೋರುವ ನೀರನ್ನು ಪಟ್ಟದ ಬಸವ ಮೊದಲು ನೆಕ್ಕಬೇಕು. ಆಮೇಲೆ ಮಿಕ್ಕ ದನಗಳಿಗೆ ಚಿಮುಕಿಸುವುದು, ಆಮೇಲೆ ಊರಿನ ಮಿಕ್ಕ ಮನೆಗಳ ಪೂಜೆ. ಬಟ್ಟೆಯನ್ನು ದೊಡ್ಡಿಯಲ್ಲಿ ಬಿಚ್ಚುವಂತಿಲ್ಲ. ಈ ಮೊದಲ ಮರ್ಯಾದೆಯಿಂದಲೇ ನಮ್ಮದಕ್ಕೆ ಎಲುಬಿನ ಮನೆ ಎಂದು ಹೆಸರು. ಮದುವೆ ಮಾತುಕತೆಯಲ್ಲಿ, ನೀರಿನ ಸರದಿಯಲ್ಲಿ, ಪಂಚಾಯ್ತಿಯಲ್ಲಿ ಯಾರು ಚಾಪೆಯ ಮೇಲೆ, ಯಾರು ನೆಲದ ಮೇಲೆ ಎನ್ನುವಲ್ಲಿ ಆ ಹೆಸರು ಕೆಲಸ ಮಾಡುತ್ತಿತ್ತು.

ಉಳಿದ ದಿನಗಳಲ್ಲಿ ಎಲುಬು ಔಷಧಿ. ದನ ಮೇವು ಬಿಟ್ಟರೆ, ಬಾಣಂತಿಗೆ ಜ್ವರ ಬಂದರೆ, ಅಜ್ಜಿ ಅದನ್ನು ಸಾಣೆಕಲ್ಲಿನ ಮೇಲೆ ನೀರು ಹನಿಸಿ ತೇದು ಗಂಧ ತೆಗೆದು ಕೊಡುತ್ತಿದ್ದಳು. ಬೂದು ಬಣ್ಣದ, ಅಂಗೈ ತುಂಬುವ ಬಿಲ್ಲೆ ಅದು. ಎರಡು ಹಣತೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂತೆ ಎರಡೂ ಕಡೆ ಗುಳಿ. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಎಷ್ಟು ತೇದರೂ ಸವೆಯುತ್ತಿರಲಿಲ್ಲ. ಅದು ಸವೆಯದಿರುವುದೇ ಬಸವನ ಮಹಿಮೆ ಎಂದು ಅಜ್ಜಿ ಹೇಳುತ್ತಿದ್ದಳು, ನಾವು ನಂಬಿದ್ದೆವು.

ಕಸ್ತೂರಿ ಚಿಕ್ಕವ್ವ ದಿಂಡಿಗಲ್ಲಿನವಳು. ಅವರದೂ ನಮ್ಮದೇ ಜನ, ಆದರೆ ಅವರಪ್ಪ ಬೀಗದ ವ್ಯಾಪಾರಿ. ಅವಳು ಮದುರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದಳು. ಮದುವೆಯ ಮಾತಾಡುವಾಗ ಉತ್ತಮಪಾಳಯದ ಸ್ಕೂಲಿನಲ್ಲಿ ಟೀಚರ್ ಕೆಲಸಕ್ಕೆ ಕಳಿಸುತ್ತೇವೆ ಎಂದು ನಮ್ಮವರು ಒಪ್ಪಿದ್ದರು. ಬಂದ ಮೇಲೆ "ಪೊಂಗಲ್ ಆಗಲಿ, ಪಾರ್ಪ್ಪೋಂ" ಎಂದು ಅಜ್ಜಿ ಮುಂದೂಡುತ್ತಿದ್ದಳು. ಆಯುಧಪೂಜೆಯ ಹಿಂದಿನ ದಿನ ಎಲುಬನ್ನು ಸೀಗೆಪುಡಿ ಹಾಕಿ ತೊಳೆಯುವ ಕೆಲಸವನ್ನು ಹೊಸ ಸೊಸೆಗೆ ಕೊಟ್ಟರು. ದೇವರ ಕೋಣೆ ಕತ್ತಲು. ಚಿಕ್ಕವ್ವ ಅದನ್ನು ಅಂಗಳದ ಬಿಸಿಲಿಗೆ ತಂದಳು. ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಹುರುಳಿ ಆರಿಸುತ್ತಿದ್ದ ಅಜ್ಜಿಗೆ ಕೇಳುವಂತೆ ಹೇಳಿದಳು:

"ಅತ್ತೆ, ಇದು ದನದ್ದಲ್ಲ."

"ಏನ್ ಹೇಳ್ದೆ?"

"ದನದ ಬೆನ್ನೆಲುಬಿಗೆ ಮೇಲೆ ಮುಳ್ಳು ಇರ್ತದೆ, ನರ ಹೋಗಾಕೆ ತೂತು ಇರ್ತದೆ. ಇದ್ರಲ್ಲಿ ಎರಡೂ ಇಲ್ಲ. ಇದು ಕಲ್ಲಾಗೋಗದೆ, ಪಾರುಂಗೊ, ನೀವೇ ನೋಡಿ."

"ತೇದು ತೇದು ಮುಳ್ಳು ಹೋಗದೆ."

"ತೇದ್ರೆ ಸವೆಯೋದು ಇದಲ್ಲ ಅತ್ತೆ, ನಿಮ್ಮ ಸಾಣೆಕಲ್ಲು. ಇಷ್ಟು ದಿನ ದನಕ್ಕೆ ಕುಡಿಸಿದ್ದು ಸಾಣೆಕಲ್ಲಿನ ಹುಡಿ."

ಚಿಕ್ಕಪ್ಪ ನಕ್ಕುಬಿಟ್ಟ. ಅವನೊಬ್ಬನೇ ನಕ್ಕದ್ದು.

"ದನದ ಎಲುಬು ಎಂಗಿರ್ತದೆ ಅಂತ ನಿಂಗೆ ಎಂಗೆ ತಿಳೀತು?" ಎಂದಳು ಅಜ್ಜಿ.

"ನಮ್ಮೂರಲ್ಲಿ ತೋಲು ಹದ ಮಾಡೋ ಶೆಡ್ಡಿನ ಹಿಂದೆ ರಾಶಿ ಬಿದ್ದಿರ್ತದಲ್ಲ. ಸ್ಕೂಲಿಗೆ ಹೋಗೋ ದಾರಿ ಅದೇ."

ಈ ಉತ್ತರ ಅವಳಿಗೆ ಆಮೇಲೆ ಬಹಳ ತೊಂದರೆ ಕೊಟ್ಟಿತು. ದೇವರ ಬಸವನನ್ನು ತೋಲಿನ ಶೆಡ್ಡಿನ ಎಲುಬಿಗೆ ಹೋಲಿಸಿದವಳು ಎಂದು ಅವ್ವ ಅವಳಿಗೆ ನೀರಿನ ಲೋಟವನ್ನು ಕೈಗೆ ಕೊಡುವುದು ಬಿಟ್ಟು ನೆಲದ ಮೇಲೆ ಇಡತೊಡಗಿದಳು.

ಚಿಕ್ಕವ್ವ ಉಳಿದದ್ದನ್ನು ಹೇಳಿದ್ದು ನನಗೆ. ಮಾರ್ಗಳಿಯಲ್ಲಿ ಬಾಗಿಲ ಮುಂದೆ ದಿನವೂ ದೊಡ್ಡ ಕೋಲ, ಎಂದರೆ ರಂಗೋಲಿ, ಹಾಕಬೇಕು. ಆ ಕೆಲಸ ನಮ್ಮಿಬ್ಬರದು. ಒಂದು ಬೆಳಿಗ್ಗೆ ಅವಳು ಚುಕ್ಕಿ ಇಡದೆ, ಅಕ್ಕಿಹಿಟ್ಟಿನಲ್ಲಿ ಒಂದೇ ಎಳೆಯಲ್ಲಿ ಉದ್ದ ಮೂತಿಯ ಪ್ರಾಣಿಯೊಂದನ್ನು ಬರೆದಳು. ಮೀನಿನಂಥ ಬಾಲ, ದೋಣಿಯ ಹುಟ್ಟಿನಂಥ ಕೈಕಾಲು, ಮುಖಕ್ಕೆ ಮೀರಿದ ಕಣ್ಣು. "ಇದು ಮೀನಲ್ಲ. ಹಲ್ಲಿ, ಆಮೆಗಳ ಕಡೇದು. ಇದರ ಮುತ್ತಜ್ಜರು ನೆಲದ ಮೇಲೆ ನಡೀತಿದ್ರು, ಆಮೇಲೆ ಸಮುದ್ರಕ್ಕೆ ತಿರುಗಿ ಹೋದ್ರು. ನೀರಲ್ಲೇ ಇರ್ತಿತ್ತು, ಆದರೆ ಉಸಿರಿಗೆ ಮೇಲೆ ಬರಬೇಕು. ದಡಕ್ಕೆ ಬರಾಕಾಗಲ್ಲ ಅಂತ ಮೊಟ್ಟೆ ಇಡ್ತಿರಲಿಲ್ಲ, ಮರೀನೇ ಹಾಕ್ತಿತ್ತು," ಎಂದಳು. ಡೈನೋಸಾರಾ ಎಂದು ಕೇಳಿದೆ. ಅಲ್ಲ, ಅವುಗಳ ಕಾಲದ್ದು. ಅವು ಇನ್ನೂ ನೆಲದ ಮೇಲೆ ಓಡಾಡುತ್ತಿದ್ದಾಗಲೇ ಇದು ಮುಗಿದುಹೋಯಿತು ಎಂದಳು. ಅದಕ್ಕೆ ಇಕ್ತಿಯೊಸಾರ್ ಎಂದು ಹೆಸರು. ಅದರ ಬೆನ್ನಿನ ಬಿಲ್ಲೆಗಳನ್ನು ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಅವಳು ನೋಡಿದ್ದಳು, ಎರಡೂ ಕಡೆ ಗುಳಿ. ಅರಿಯಲೂರು, ಪೆರಂಬಲೂರು ಕಡೆ ಆಗ ಸಮುದ್ರವಿತ್ತು, ಅಲ್ಲಿ ಇಂಥವು ಸಿಗುತ್ತವೆ. ನಮ್ಮ ಕಣಿವೆಯ ಬಂಡೆ ಬೇರೆ, ಇಲ್ಲಿ ಸಿಗುವುದಿಲ್ಲ. "ಹಂಗಾದ್ರೆ ನಮ್ಮ ಮನೆಗೆ ಎಂಗೆ ಬಂತು?" ಎಂದೆ.

"ಅದೇ ನಂಗೂ ಬೇಕಾಗಿರೋದು. ನಂದು ತಪ್ಪೂ ಇರಬಹುದು. ತಿಳಿದೋರು ಒಬ್ರು ನೋಡಬೇಕು."

ಹಿಂದೆ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಅವಳು ಬೈಯಲಿಲ್ಲ. ಅಂಗಾಲಿನಿಂದ ಕೋಲದ ಕಣ್ಣನ್ನು ಮೊದಲು ಅಳಿಸಿದಳು, ಆಮೇಲೆ ಮೂತಿಯನ್ನು. ಅದೇ ದಿನ ಊಟದ ಹೊತ್ತಿಗೆ ಚಿಕ್ಕವ್ವ ಎಲ್ಲರ ಮುಂದೆ ಕೇಳಿದಳು: ಪೊಂಗಲ್ ಆದ ಮೇಲೆ ಎಲುಬನ್ನು ಒಂದು ದಿನದ ಮಟ್ಟಿಗೆ ತನ್ನ ಕಾಲೇಜಿನ ಟೀಚರಿಗೆ ತೋರಿಸಿ ತರಬಹುದೇ.

"ದೇವರನ್ನ ಕಾಲೇಜಿಗೆ ಸೇರಿಸ್ತೀಯಾ? ಪಡಿಪ್ಪು ನಿಂಗೆ ಸಾಲದು ಅಂತ ಈಗ ಬಸವನಿಗೂ ಬೇಕಾ?" ಎಂದಳು ಅಜ್ಜಿ. ಅಪ್ಪ ಕಳಿಯ ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಾ ತಲೆ ಎತ್ತಲಿಲ್ಲ.

ಈ ಮಾತು ಮನೆಯೊಳಗೇ ಇರಬೇಕಿತ್ತು. ಮರುವಾರ ಮೇಲ್ಮನೆ ದೊಡ್ಡಪ್ಪ ಬಂದರು. ಅವರು ಅಪ್ಪನ ದಾಯಾದಿ; ವಯಸ್ಸಿನಲ್ಲಿ ಅಪ್ಪನಿಗಿಂತ ಹಿರಿಯರಾದರೂ ಕಿರಿಯ ಕವಲಿನವರು, ಆದ್ದರಿಂದ ಎಲುಬು ಅವರ ಮನೆಗೆ ಹೋಗಿರಲಿಲ್ಲ. ತಿಣ್ಣೆಯಲ್ಲಿ ಕೂತು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಬಹಳ ಮೆತ್ತಗೆ ಹೇಳಿದರು:

"ನಿಮ್ಮ ದಿಂಡಿಗಲ್ ಸೊಸೆ ದೊಡ್ಡ ಪಡಿಪ್ಪು ಓದಿದೋಳಂತೆ. ಮಾಟ್ಟುಪ್ಪೊಂಗಲ್ ದಿನ ದೊಡ್ಡಿಯಲ್ಲಿ ನಾಲ್ಕು ಜನರ ಮುಂದೆ ಎಲುಬು ನೋಡಿ, ಯಾವುದರದ್ದು ಅಂತ ಅವಳೇ ಹೇಳಲಿ. ನಮಗೂ ತಿಳೀತದೆ, ಅಲ್ವಾ ದೊಡ್ಡವ್ವ?"

ಅವರಿಗೆ ಹೇಳಿದ್ದು ಯಾರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಮೇಲ್ಮನೆಗೆ ಹೆಪ್ಪು ತರಲು ಹೋಗುತ್ತಿದ್ದವಳು ಅವ್ವ. ಸಂಜೆ ಅವರ ತಿಣ್ಣೆಯಲ್ಲಿ ಇಸ್ಪೀಟು ಆಡುತ್ತಿದ್ದವನು ಚಿಕ್ಕಪ್ಪ. ಅವರ ಮೊಮ್ಮಕ್ಕಳ ಜೊತೆ ಸ್ಕೂಲಿಗೆ ಹೋಗುತ್ತಿದ್ದವಳು ನಾನು. ನಾನು ಹೇಳಿಲ್ಲ ಎಂದು ನೆನಪು, ನೆನಪಿಗಿಂತ ಹೆಚ್ಚಿನ ಪುರಾವೆ ನನ್ನಲ್ಲಿಲ್ಲ. ದೊಡ್ಡಪ್ಪ ಬಂದು ಹೋದ ಮೇಲೆ ಮನೆಯಲ್ಲಿ ಇಬ್ಬರು ಮಾತಾಡುತ್ತಿದ್ದರೆ ಮೂರನೆಯವರು ಬಂದಾಗ ಮಾತು ನಿಲ್ಲುತ್ತಿತ್ತು. ಆ ವಾರದ ಶುಕ್ರವಾರವೇ ಎಲುಬು ಕಾಣೆಯಾಯಿತು.

ಹುಡುಕಾಟ ಕೊಟ್ಟಿಗೆಯಿಂದ ಶುರುವಾಯಿತು. ಕಣಜದೊಳಗೆ ನನ್ನನ್ನೇ ಇಳಿಸಿದರು. ಕೊನೆಗೆ ಎಲ್ಲರೂ ಚಿಕ್ಕವ್ವನ ಕೋಣೆಯ ಮುಂದೆ ಬಂದು ನಿಂತರು, ಯಾರೂ ಒಳಗೆ ಹೋಗಲಿಲ್ಲ. ಅವಳ ತವರಿನ ಕಬ್ಬಿಣದ ಪೆಟ್ಟಿಗೆ ಅಲ್ಲಿತ್ತು. ಅವಳೇ ಸೊಂಟದಿಂದ ಕೀಲಿ ತೆಗೆದು ಅಪ್ಪನ ಮುಂದೆ ಇಟ್ಟಳು.

"ತೆಗೀರಿ ಬಾವ. ನಾನು ತೆಗೆದ್ರೆ ಅಡಗಿಸಿಟ್ಟೆ ಅಂತೀರಿ."

ಅಪ್ಪ ಅವ್ವನ ಕೈಗೆ ಕೀಲಿ ಕೊಟ್ಟ. ಅವ್ವ ಸೀರೆಗಳನ್ನು ಒಂದೊಂದೇ ಎತ್ತಿ ಝಾಡಿಸಿದಳು. ಒಳಲಂಗಗಳನ್ನೂ ಝಾಡಿಸಿದಾಗ ಚಿಕ್ಕಪ್ಪ ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಎಲುಬು ಸಿಗಲಿಲ್ಲ. ಅಜ್ಜಿ ಗೋಡೆಗೆ ಒರಗಿ ಕೂತು ಎಲೆಯಡಿಕೆ ಮಡಿಸುತ್ತಿದ್ದಳು. ಎಲೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಕಂಡದ್ದು ಅಷ್ಟೇ. ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಆಗಲೇ ದಿಂಡಿಗಲ್ಲಿಗೆ ಸಾಗಿಸಿರಬೇಕು ಎಂದಳು ಅವ್ವ. ಯಾರ ಕೈಯಲ್ಲಿ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಅಪ್ಪ ತೀರ್ಮಾನ ಹೇಳಿದ: ಎಲುಬು ಸಿಗುವ ತನಕ ಅವಳು ತವರಿನಲ್ಲಿರಲಿ. ಸಿಗದಿದ್ದರೆ ಏನು ಎಂದು ಅವನು ಹೇಳಲಿಲ್ಲ, ನಮ್ಮಲ್ಲಿ ಅದನ್ನು ಹೇಳುವ ರೂಢಿಯಿಲ್ಲ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಚಿಕ್ಕವ್ವ ಪೆಟ್ಟಿಗೆ ಒಯ್ಯಲಿಲ್ಲ. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು.

ಮಾಟ್ಟುಪ್ಪೊಂಗಲ್ ದಿನ ಏನು ಮಾಡುವುದು ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಅಜ್ಜಿ ಮಾತ್ರ ಎಂದಿನಂತೆ ಎದ್ದು, ತಲೆಗೆ ನೀರು ಹಾಕಿಕೊಂಡು, ದೇವರ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಹೊರಗೆ ಬಂದಾಗ ಬಿಂದಿಗೆಯ ಬಾಯಿಗೆ ಅರಿಸಿನದ ಬಟ್ಟೆ ಬಿಗಿದಾಗಿತ್ತು. ಅಪ್ಪ ಅವಳ ಮುಖ ನೋಡಿದ, ಬಿಂದಿಗೆ ನೋಡಿದ, ಹಿಂದೆಯೇ ಹೊರಟ. ದೊಡ್ಡಿಯಲ್ಲಿ ಊರೇ ನೆರೆದಿತ್ತು. ಸೊಸೆ ಯಾಕೆ ಹೋದಳು ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಬಿಂದಿಗೆಯನ್ನು ಓರೆ ಮಾಡಿದಳು. ಪಟ್ಟದ ಬಸವ ಮೂಸಿತು, ನೆಕ್ಕಿತು. ತಮಟೆ ಶುರುವಾಗುವ ಮೊದಲು ಚಿಕ್ಕಪ್ಪ ಮುಂದೆ ಬಂದ. ಪೆಟ್ಟಿಗೆ ತೆಗೆದ ದಿನದಿಂದ ಅವನು ಮನೆಯಲ್ಲಿ ಯಾರ ಜೊತೆಗೂ ಮಾತಾಡಿರಲಿಲ್ಲ.

"ಅವ್ವಾ, ಎಲುಬು ಒಳಗೈತಾ, ಇಲ್ವಾ?"

ಐದನೇ ಕ್ಲಾಸಿನವಳಿಗೂ ಆ ಪ್ರಶ್ನೆಯ ಎರಡು ಬಾಯಿ ಕಾಣಿಸಿತು. ಇದೆ ಎಂದರೆ ಚಿಕ್ಕವ್ವ ಕದ್ದಿಲ್ಲ, ಕಳ್ಳರು ಮನೆಯೊಳಗೇ ಇದ್ದಾರೆ. ಇಲ್ಲ ಎಂದರೆ ಬಸವ ನೆಕ್ಕಿದ್ದು ಬಾವಿಯ ನೀರು, ಎಲುಬಿನ ಮನೆ ಅವತ್ತಿಗೆ ಮುಗಿಯಿತು. ಅಜ್ಜಿ ಮಗನನ್ನು ನೋಡಿದಳು.

"ಐತೆ."

"ಅಂಗಾದ್ರೆ ಬಟ್ಟೆ ಬಿಚ್ಚು ದೊಡ್ಡವ್ವ, ಎಲ್ಲಾರೂ ನೋಡಾನ," ಎಂದರು ಮೇಲ್ಮನೆ ದೊಡ್ಡಪ್ಪ.

"ನೀನೇ ಬಿಚ್ಚಪ್ಪ, ಬಾ. ನಿನ್ನ ಕೈಯಾರೆ ಬಿಚ್ಚು. ಈ ವರ್ಷ ಯಾವ ಕರು ಸತ್ರೂ ಊರು ನಿನ್ನ ಬಾಗಿಲಿಗೇ ಬರ್ತದೆ."

ಅವರ ಕೈ ಗಂಟಿನ ಹತ್ತಿರದವರೆಗೆ ಬಂದದ್ದನ್ನು ಕಂಡೆ. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು ಕೈ ಹಿಂದೆ ಹೋಯಿತು. ತಮಟೆ ಶುರುವಾಯಿತು. ಮನೆಗೆ ಬಂದ ಮೇಲೆ ಅಜ್ಜಿ ಮತ್ತೆ ಬಾಗಿಲು ಮುಚ್ಚಿಕೊಂಡಳು. ಆಮೇಲೆ ಗೂಡಿನಲ್ಲಿ ರೇಷ್ಮೆಬಟ್ಟೆಯ ಒಂದು ಗಂಟು ಇತ್ತು. ಅಪ್ಪ "ಎಲ್ಲಿತ್ತು?" ಎಂದ. "ಇದ್ದ ಕಡೆ ಇತ್ತು," ಎಂದಳು. ಇನ್ನು ಮೇಲೆ ಎಲುಬನ್ನು ತೇಯುವುದಿಲ್ಲ, ಗಂಟು ಬಿಚ್ಚುವುದಿಲ್ಲ ಎಂದೂ ಹೇಳಿದಳು.

ಚಿಕ್ಕಪ್ಪ ಅವತ್ತೇ ದಿಂಡಿಗಲ್ಲಿಗೆ ಹೋದ. ಒಬ್ಬನೇ ತಿರುಗಿ ಬಂದ. ಚಿಕ್ಕವ್ವ ಅವನ ಕೈಯಲ್ಲಿ ಒಂದು ಪ್ರಶ್ನೆ ಕಳಿಸಿದ್ದಳು: ಎಲುಬು ಸಿಕ್ಕಿತು ಅಂತ ಕರೀತಿದ್ದೀರಾ, ನಾನು ಕದ್ದಿಲ್ಲ ಅಂತ ಕರೀತಿದ್ದೀರಾ? ಅಪ್ಪ ಎರಡೂ ಒಂದೇ ಅಲ್ಲವೇ ಎಂದ. ಅಜ್ಜಿ ಅಲ್ಲ ಎಂದಳು. ಮುಂದಿನ ಭಾನುವಾರ ಬಸ್ಸಿನ ಬೋರ್ಡು ಓದಲು ನನ್ನನ್ನು ಜೊತೆ ಮಾಡಿಕೊಂಡು ಹೊರಟಳು. ಅವಳು ಅದುವರೆಗೆ ತೇನಿ ದಾಟಿದವಳಲ್ಲ. ವತ್ತಲಗುಂಡಿನಲ್ಲಿ ಕೊಡೈಕಾನಲ್ ಬಸ್ಸುಗಳು ತಿರುಗುವುದನ್ನು ನೋಡಿ, "ಇವರೆಲ್ಲ ಚಳೀಲಿ ನಡುಗಾಕೆ ಬೆಟ್ಟದ ಮೇಲೆ ಹೋಗ್ತಾರಾ?" ಎಂದು ಕೇಳಿದ್ದು ಬಿಟ್ಟರೆ ದಾರಿಯಲ್ಲಿ ಮಾತಾಡಲಿಲ್ಲ. ಚಿಕ್ಕವ್ವನ ತವರು ಬೀಗ ಮಾಡುವ ಬೀದಿಯಲ್ಲಿತ್ತು. ಅಕ್ಕಪಕ್ಕದ ಮನೆಗಳಿಂದ ಅರ ಉಜ್ಜುವ ಸದ್ದು ನಿಲ್ಲದೆ ಬರುತ್ತಿತ್ತು. ಇಬ್ಬರೂ ಸ್ವಲ್ಪ ಜೋರಾಗಿಯೇ ಮಾತಾಡಬೇಕಾಯಿತು. ಹಾಗಾಗಿ ನನಗೆ ಪೂರ್ತಿ ಕೇಳಿಸಿತು.

"ಕಾಪಿ ಆರ್ತದೆ ಅತ್ತೆ."

"ಆರಲಿ."

"ನಾನು ತಗಂಡಿಲ್ಲ ಅಂತ ನಿಮಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು."

"ಅಕ್ಕ ನನ್ನ ಬಟ್ಟೆ ಝಾಡಿಸ್ತಿದ್ರೆ ನೋಡ್ತಾ ಕೂತಿದ್ರಿ."

"ಕೂತಿದ್ದೆ. ಎಲುಬನ್ನ ನಾನೇ ಎತ್ತಿಟ್ಟಿದ್ದೆ, ಕಣ್ಣು ಮಗಳೇ. ಆ ಮೇಲ್ಮನೆಯೋನು ದೊಡ್ಡಿಯಲ್ಲಿ ನಿನ್ನ ಬಾಯಿ ಬಿಡಿಸ್ತಿದ್ದ."

"ನಾನು ಅವರ ಮುಂದೆ ಹೇಳ್ತಿದ್ದೆ ಅಂತ ಅಂದ್ಕೊಂಡ್ರಾ?"

"ನಂಗೆ ನೀನು ಹೊಸಬಳು. ನಿನ್ನ ಬಾಯಿ ಎಷ್ಟು ಗಟ್ಟಿ ಅಂತ ನಂಗೆ ಎಂಗೆ ತಿಳೀಬೇಕು?"

ಆಮೇಲೆ ಅಜ್ಜಿ ಹೇಳಿದ್ದು ಇದು. ಅವಳು ಮದುವೆಯಾಗಿ ಬಂದಾಗ ನಿಜವಾದ ಬಸವನ ಎಲುಬು ಇತ್ತು, ಹೆಬ್ಬೆರಳಿನಷ್ಟು. ತಲೆಮಾರುಗಟ್ಟಲೆ ತೇದು ತೇದು ಅಷ್ಟೇ ಉಳಿದಿತ್ತು. ದನಗಳಿಗೆ ಬಾಯಿಹುಣ್ಣು ಬಂದ ಒಂದು ವರ್ಷ ಊರೆಲ್ಲ ಕೇಳಿತು, ಇಲ್ಲ ಎನ್ನಲಾಗಲಿಲ್ಲ, ಎಲುಬು ಸಾಣೆಕಲ್ಲಿನ ಮೇಲೆಯೇ ಮುಗಿದುಹೋಯಿತು. ತಾತ ಹೋರಿ ಕೊಳ್ಳಲು ಪೆರಂಬಲೂರಿನ ಕಡೆ ಹೋಗಿದ್ದಾಗ, ಮರವಿಲ್ಲದ, ಬಿರುಕು ಬಿಟ್ಟ ಹಳದಿ ಮಣ್ಣಿನ ಬಯಲಿನಲ್ಲಿ ಈ ಬಿಲ್ಲೆ ಬಿದ್ದಿತ್ತಂತೆ. ಎಲುಬಿನಂತೆ ಕಂಡಿತು, ಕಲ್ಲಿನಷ್ಟು ಗಟ್ಟಿಯಿತ್ತು. ಇದಾದರೆ ಸವೆಯುವುದಿಲ್ಲ ಎಂದು ಮಡಿಲಿಗೆ ಕಟ್ಟಿಕೊಂಡು ಬಂದ.

"ಅಲ್ಲಿ ಸಮುದ್ರ ಇತ್ತು ಅತ್ತೆ," ಎಂದಳು ಚಿಕ್ಕವ್ವ. ಅವಳ ದನಿ ಬದಲಾಗಿತ್ತು. "ನಾನು ಹೇಳಿದ್ದು ಶರಿಯಾಗೇ ಇತ್ತು."

"ಇದ್ದರೆ ಇರಲಿ. ಯಾರ ಮುಂದೂ ಹೇಳಬೇಡ."

"ಹೇಳಲ್ಲ. ಆದರೆ ನಾನು ಕಳ್ಳಿ ಅಲ್ಲ ಅಂತ ನೀವು ಹೇಳಬೇಕು. ಮೇಲ್ಮನೆ ಮುಂದೆ ನಿಂತು."

ಅಜ್ಜಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. ಅದೇ ದಿನ ಮೂವರೂ ಹೊರಟೆವು. ಕೊಂಬೈಯಲ್ಲಿ ಬಸ್ಸಿಳಿದು ಮೇಲ್ಮನೆಯ ಮುಂದೆ ಬಂದಾಗ ದೊಡ್ಡಪ್ಪ ತಿಣ್ಣೆಯಲ್ಲಿದ್ದರು. ಅಜ್ಜಿ ಸೊಸೆಯ ಮುಂಗೈ ಹಿಡಿದು ನಿಂತು, "ಇವಳು ಏನೂ ತಗಂಡಿರಲಿಲ್ಲಪ್ಪ. ನಾನೇ ಇಟ್ಟು ನಾನೇ ಮರೆತಿದ್ದೆ. ವಯಸ್ಸಾಯ್ತು," ಎಂದಳು. ದೊಡ್ಡಪ್ಪ, "ಮರೆವು ಬರ್ತದೆ ದೊಡ್ಡವ್ವ, ಬರ್ತದೆ," ಎಂದರು.

ಬೀಗದ ಬೀದಿಯಲ್ಲಿ ಅಜ್ಜಿ ಹೇಳಿದ ಕತೆಗೆ ಎರಡನೆಯ ಸಾಕ್ಷಿಯಿಲ್ಲ. ತಾತ ಪೆರಂಬಲೂರಿಗಿಂತ ಈಚೆಗಿರುವ ಮಣಪ್ಪಾರೆಯ ದನದ ಸಂತೆ ದಾಟಿ ಹೋದವನೇ ಅಲ್ಲ ಎಂದು ಅಜ್ಜಿಯೇ ಬೇರೆ ಸಲ ಹೇಳಿದ್ದನ್ನು ಕೇಳಿದ್ದೇನೆ. ಪೆರಂಬಲೂರಿನ ಹೆಸರನ್ನು ಅವಳು ಕೋಲದ ಬೆಳಿಗ್ಗೆ ಚಿಕ್ಕವ್ವನ ಬಾಯಿಂದಲೇ ಕೇಳಿಸಿಕೊಂಡಿರಬಹುದು. ಸೊಸೆಯನ್ನು ಕರೆತರಲು ಸೊಸೆಗೆ ಬೇಕಾದದ್ದನ್ನೇ ಹೇಳಿರಬಹುದು. ಬಿಂದಿಗೆಯೊಳಗೆ ಎಲುಬು ಇತ್ತೋ ಇಲ್ಲವೋ ನಾನು ನೋಡಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆ ಇಡಬೇಕು ಎಂಬುದನ್ನು ಆಮೇಲೆ ನಾನು ಕೆಲಸಕ್ಕೆ ಸೇರಿದ ಪತ್ರಿಕೆಯಲ್ಲಿ ಹೇಳಿಕೊಟ್ಟರು. ನಾನು ಆ ಮನೆಯಲ್ಲಿ ಕಲಿತಾಗಿತ್ತು. ಚಿಕ್ಕವ್ವ ಆ ಜೂನ್‌ನಿಂದ ಉತ್ತಮಪಾಳಯದ ಸ್ಕೂಲಿಗೆ ಹೋಗತೊಡಗಿದಳು, ನಿವೃತ್ತಿಯವರೆಗೂ ಅಲ್ಲೇ ಪಾಠ ಮಾಡಿದಳು. ಅಜ್ಜಿ ತೀರಿಕೊಂಡ ಮೇಲೆ ಅವ್ವ, ಅವ್ವನ ನಂತರ ಚಿಕ್ಕವ್ವ ಮನೆಯ ಹಿರಿಯ ಹೆಂಗಸಾದಳು. ಒಂದು ಸಲ ಅವಳನ್ನು ನೇರವಾಗಿಯೇ ಕೇಳಿದೆ, ಗಂಟು ಬಿಚ್ಚಿ ನೋಡಿದ್ದೀಯಾ ಎಂದು. "ಅನ್ನಕ್ಕೆ ಇಟ್ಟಿದ್ದೀನಿ, ಉಕ್ಕುತ್ತೆ," ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಈ ವರ್ಷ ಪೊಂಗಲ್ ಕಳೆದು ವಾರದೊಳಗೆ ಮೇಲ್ಮನೆ ದೊಡ್ಡಪ್ಪನ ಮರಿಮಗಳು ಬಂದಳು. ತಿರುಚ್ಚಿಯಲ್ಲಿ ಭೂವಿಜ್ಞಾನ ಓದುತ್ತಾಳೆ. ನಾನು ರಜೆಗೆ ಊರಿನಲ್ಲಿದ್ದೆ. ಅವಳಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದಳು. ಎಲುಬನ್ನು ಮುಟ್ಟುವುದಿಲ್ಲ, ಫೋನಿನಲ್ಲಿ ಒಂದು ಫೋಟೋ ಮಾತ್ರ. ಹಿರಿಯರು ಹೇಳಿದ ಗುಳಿಯ ವಿವರದಿಂದ ಅದು ಇಕ್ತಿಯೊಸಾರ್ ಇರಬಹುದು ಎಂದು ಅವಳ ಅನುಮಾನ. ಚಿಕ್ಕವ್ವ ಆ ಹೆಸರು ಕೇಳಿ ಹುಡುಗಿಯನ್ನು ಒಳಗೆ ಕರೆದಳು. ಕೂರಿಸಿ ಕಾಫಿ ಕೊಟ್ಟಳು, ಯಾವ ಟೀಚರು, ಹಾಸ್ಟೆಲಿನ ಊಟ ಹೇಗೆ ಎಂದು ವಿಚಾರಿಸಿದಳು.

"ಈಗ ದೇವರ ಮನೆ ಬಾಗಿಲು ಹಾಕೈತೆ, ಕಣ್ಣು. ನಾಳೆ ಬೆಳಿಗ್ಗೆ ಬಾ."

ಮರುದಿನ ಎಂಟು ಗಂಟೆಗೆ ಹುಡುಗಿ ಬಂದಳು. ದೇವರ ಕೋಣೆಗೆ ಬೀಗ ಬಿದ್ದಿತ್ತು. ಚಿಕ್ಕವ್ವ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೆ ದಿಂಡಿಗಲ್ಲಿಗೆ ಹೋಗಿದ್ದಳು, ಯಾವಾಗ ಬರುತ್ತೇನೆಂದು ಹೇಳಿರಲಿಲ್ಲ. ಹುಡುಗಿ ತಿಣ್ಣೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಹಾಸ್ಟೆಲಿಗೆ ಹೊರಡಬೇಕು ಎಂದು ಎದ್ದು ಹೋದಳು.